ಓಡುವ ಹೆಂಡತಿಗೆ ಒಂದು ಕ್ಯಾಮೆರಾ

ಆ ಸ್ಟುಡಿಯೋದ ಯಜಮಾನನನ್ನು ಬೀದಿಯವರೆಲ್ಲ ‘ಅಲ್ಲಾಡಬೇಡಿ’ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ, ಕಾಲೇಜಿನ ಗುರುತಿನ ಚೀಟಿಗೆ, ಕಡೆಗೆ ಗೋಡೆಗೆ ತೂಗುಹಾಕುವುದಕ್ಕೆ ಎಂದು ಊರಿನ ಜನ ಒಂದಲ್ಲ ಒಂದು ದಿನ ಅವನ ತಿರುಗುವ ಸ್ಟೂಲಿನ ಮೇಲೆ ಕೂತು, ಗಲ್ಲ ಎತ್ತಿ, ಉಸಿರು ಬಿಗಿಹಿಡಿದವರೇ. ಅವನು ಕಪ್ಪು ಪರದೆ ಸರಿಪಡಿಸಿ, ದೀಪ ಹೊತ್ತಿಸಿ, ಆ ಒಂದೇ ಮಾತು ಹೇಳುತ್ತಿದ್ದ.

ಅವನ ಹೆಂಡತಿ ಪಕ್ಕದ ಬೀದಿಯ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುತ್ತಿದ್ದಳು. ಸೂಜಿ ಹಿಡಿದು ಅವಳು ಹೇಳುತ್ತಿದ್ದ ಮಾತೂ ಅದೇ. ಹೀಗೆ ದಿನವಿಡೀ ಜನರನ್ನು ಅಲುಗದಂತೆ ಕೂರಿಸಿ ಸಂಜೆ ಇಬ್ಬರೂ ಮನೆಗೆ ಬಂದರೆ, ಅಲ್ಲೂ ಹೆಚ್ಚಿನ ಚಲನವಲನ ಇರುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಲ್ಯಾಬಿನ ಡಾಕ್ಟರು ಅವಳಿಗೆ ದಿನಾ ನಡೆಯಲು ಹೇಳಿದರು. ಅವಳು ಮೈದಾನಕ್ಕೆ ಹೋಗಿ ನಡೆದಳು. ಸ್ವಲ್ಪ ಕಾಲಕ್ಕೆ ಓಡಲು ಶುರುಮಾಡಿದಳು. ಕಾರಣ ಕೇಳಿದ ಗಂಡನಿಗೆ, “ನಡೆಯೋರು ಪೂರ್ತಿ ಹೊತ್ತು ಸೊಸೆಯಂದಿರ ವಿಷಯ ಮಾತಾಡ್ತಾರೆ. ಓಡೋರಿಗೆ ಅಷ್ಟು ಉಸಿರಿರಲ್ಲ,” ಎಂದಳು. ಮೈದಾನದ ಕೋಚ್ ಒಂದು ದಿನ ಅವಳ ಕಾಲುಗಳನ್ನು ನೋಡಿ, ವಯಸ್ಸಾದವರ ಕ್ರೀಡಾಕೂಟಕ್ಕೆ ಇನ್ನೂರು ಮೀಟರ್ ಓಟದಲ್ಲಿ ಹೆಸರು ಬರೆಸಿದ. ಈ ಸುದ್ದಿಯನ್ನು ಅವಳು ಊಟಕ್ಕೆ ಬಡಿಸುತ್ತಾ, ನೀರಿನ ಬಿಲ್ಲು ಬಂದಿದೆ ಎನ್ನುವ ಧಾಟಿಯಲ್ಲಿ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದಳು.

“ನಾನು ಓಡೋದು ನನಗೆ ಹೇಗೆ ಕಾಣ್ಬೇಕು? ಒಂದು ಫೋಟೊ ತೆಗೀರಿ.”

ಮದುವೆಯಾದಾಗಿನಿಂದ ಅವಳು ಫೋಟೊ ಕೇಳಿದ್ದು ಅದೇ ಮೊದಲು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಊರಿಗೆಲ್ಲ ಫೋಟೊ ತೆಗೆದವನ ಮನೆಯಲ್ಲಿ ಅವಳ ಚಿತ್ರಗಳು ಇದ್ದದ್ದೇ ಕಡಿಮೆ. ಇದ್ದವುಗಳಲ್ಲೂ ಅವಳು ಯಾರದೋ ಕುರ್ಚಿಯ ಪಕ್ಕ ನಿಂತಿದ್ದಳು.

ಅವನು ಸ್ಟುಡಿಯೋದ ಕ್ಯಾಮೆರಾ ಹಿಡಿದು ಕೂಟಕ್ಕೆ ಹೋದ. ಸಂಜೆ ಕಂಪ್ಯೂಟರಿನಲ್ಲಿ ಇಬ್ಬರೂ ನೋಡಿದರು. ಒಂದರಲ್ಲಿ ಖಾಲಿ ಓಟದ ಪಟ್ಟಿ ಇತ್ತು, ಅವಳು ಆಗಲೇ ಹೋಗಿಯಾಗಿತ್ತು. ಇನ್ನೊಂದರಲ್ಲಿ ಒಂದು ಹಿಮ್ಮಡಿ. ಮತ್ತೊಂದರಲ್ಲಿ ಬೇಲಿಗೆ ಕಟ್ಟಿದ ಸಿಮೆಂಟಿನ ಜಾಹೀರಾತು ಅಚ್ಚುಕಟ್ಟಾಗಿ ಮೂಡಿ, ಅದರ ಮುಂದೆ ಯಾರೋ ಬಟ್ಟೆಯಿಂದ ಒರೆಸಿದಂತೆ ನೀಲಿ ಬಣ್ಣ ಹರಡಿತ್ತು.

“ಇದ್ಯಾರು?”

“ನೀನೇ.”

ಅವಳು ಕನ್ನಡಕ ಏರಿಸಿ ನೋಡಿದಳು. “ಬೋರ್ಡು ಚೆನ್ನಾಗಿ ಬಂದಿದೆ,” ಎಂದು ಎದ್ದುಹೋದಳು.

ಅವಳು ಸಿಟ್ಟಾಗಿದ್ದರೆ ಅವನು ಸುಮ್ಮನಿರುತ್ತಿದ್ದ. ಬೋರ್ಡನ್ನು ಹೊಗಳಿದ್ದು ಅವನಿಗೆ ನಾಟಿತು. ಮಾರನೆಯ ದಿನ ಭಾವಮೈದನ ಮುಂದೆ, ಈ ಕ್ಯಾಮೆರಾ ಕೂತವರಿಗೆ ಮಾತ್ರ, ಓಡುವವರಿಗೆ ಬೇರೆಯೇ ಬೇಕು ಎಂದ. ಭಾವಮೈದ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ ಫೋನಿನಲ್ಲಿ ವಿಡಿಯೋ ನೋಡಿ ಲೋಕಜ್ಞಾನ ಸಂಪಾದಿಸಿದ್ದ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಭಾವ. ಆದ್ರೂ ತಗೊಳ್ಳೋದಾದ್ರೆ ಮೆಗಾಪಿಕ್ಸೆಲ್ ಜಾಸ್ತಿ ಇರೋದು ತಗೊಳ್ಳಿ. ನಾನೂ ಬರ್ತೀನಿ. ನಿಮ್ಮನ್ನ ಒಬ್ಬರನ್ನೇ ಬಿಟ್ರೆ ತಲೆಗೆ ಕಟ್ತಾರೆ.”

ಕ್ಯಾಮೆರಾ ಅಂಗಡಿ ನಡೆಸುತ್ತಿದ್ದವಳು ಹಿಂದೆ ಯಾವುದೋ ಪತ್ರಿಕೆಗೆ ಆಟಗಳ ಫೋಟೊ ತೆಗೆಯುತ್ತಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಗಲ್ಲಾ ಹಿಂದೆ ಕೂತಿದ್ದಳು. ಯಾವ ಕ್ಯಾಮೆರಾ ಬೇಕು ಎಂದು ಅವಳು ಕೇಳಲಿಲ್ಲ. ಏನು ತೆಗೀತೀರಿ ಎಂದು ಕೇಳಿದಳು.

“ಹೆಂಡತಿಯನ್ನ.”

“ಅವರು ಏನ್ ಮಾಡ್ತಿರ್ತಾರೆ?”

“ಓಡ್ತಿರ್ತಾಳೆ.”

“ನಿಮ್ಮ ಕಡೆಗೋ, ನಿಮ್ಮಿಂದ ದೂರಕ್ಕೋ?”

ಇದು ಸಂಸಾರದ ವಿಷಯ ಎಂದು ಅವನು ಸ್ವಲ್ಪ ಬಿಗಿದುಕೊಂಡ. ಅಂಗಡಿಯವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ಅಡ್ಡ ಓಡುವವರನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ, ನೇರ ನಮ್ಮತ್ತ ಓಡಿಬರುವವರ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಫೋಕಸ್ ಬೆನ್ನುಹತ್ತಿ ಬರಬೇಕು. ಅವನು ಯೋಚಿಸಿ, “ಎರಡೂ,” ಎಂದ.

ಅವಳು ಎರಡು ಡಿಎಸ್‌ಎಲ್‌ಆರ್‌ಗಳನ್ನು ಮೇಜಿನ ಮೇಲಿಟ್ಟಳು. ಒಂದು ಹೊಸದು, ಮಿರಮಿರ ಮಿಂಚುವಂಥದ್ದು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು. ಮೂಲೆಗಳಲ್ಲಿ ಕಪ್ಪು ಬಣ್ಣ ಹೋಗಿ ಒಳಗಿನ ಲೋಹ ಕಾಣುತ್ತಿತ್ತು. ಹೊಸದರ ಮೆಗಾಪಿಕ್ಸೆಲ್ ಕೇಳಿ ಭಾವಮೈದ ತಾನೇ ಹೆತ್ತವನಂತೆ ತಲೆಯಾಡಿಸಿದ. ಹಳೆಯದರಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ.

“ಕಟ್ಟಡದ ಎತ್ತರಕ್ಕೆ ಫೋಟೊ ದೊಡ್ಡದು ಮಾಡಿಸ್ತೀರಾ? ಇಲ್ಲ ತಾನೇ. ಓಟಕ್ಕೆ ಬೇಕಾಗಿರೋದು ವೇಗ. ಗುಂಡಿ ಒತ್ತಿ ಹಿಡಿದ್ರೆ ಒಂದು ಸೆಕೆಂಡಲ್ಲಿ ಎಷ್ಟು ಚಿತ್ರ ತೆಗೀತದೆ, ಓಡೋರ ಹಿಂದೆ ಫೋಕಸ್ ಎಷ್ಟು ಚುರುಕಾಗಿ ಹೋಗ್ತದೆ, ಅದನ್ನ ನೋಡಿ. ಮಿಕ್ಕ ದುಡ್ಡು ಲೆನ್ಸಿಗೆ ಹಾಕಿ. ಬೆಳಕು ಧಾರಾಳವಾಗಿ ಒಳಗೆ ಬಿಡೋ ಲೆನ್ಸ್ ಇಲ್ಲದಿದ್ರೆ ಯಾವ ಕ್ಯಾಮೆರಾನೂ ಕುರುಡೇ.”

“ಹಳೇದನ್ನ ಸಾಗಹಾಕೋ ಮಾತು ಇದು,” ಎಂದ ಭಾವಮೈದ, ಅಂಗಡಿಯವಳಿಗೆ ಕೇಳುವಷ್ಟು ಗುಟ್ಟಾಗಿ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. “ಬೀದಿ ಮುಂದೇ ಇದೆ. ಓಡಿಸಿ ನೋಡಿ.”

ಮೊದಲು ಭಾವಮೈದ ಓಡಿದ. ಅವನಿಗೆ ಓಡುವುದಕ್ಕಿಂತ ಫೋಟೊಗೆ ನಗುವುದರ ಕಡೆಗೇ ಗಮನ. ಕ್ಯಾಮೆರಾದ ಹತ್ತಿರ ಬಂದಾಗಲೆಲ್ಲ ನಿಂತು ಕೂದಲು ಸವರಿಕೊಳ್ಳುತ್ತಿದ್ದ. ಇದರಿಂದ ಏನೂ ಗೊತ್ತಾಗದು ಎಂದು ‘ಅಲ್ಲಾಡಬೇಡಿ’ ಹೆಂಡತಿಗೆ ಫೋನ್ ಮಾಡಿದ. ಅವಳು ಊಟದ ಬಿಡುವಿನಲ್ಲಿ ಲ್ಯಾಬಿನ ಬಿಳಿ ಕೋಟಿನಲ್ಲೇ ಬಂದು, ವಿಷಯ ಕೇಳಿ, ಕೈಚೀಲವನ್ನು ತಮ್ಮನಿಗೆ ಕೊಟ್ಟು, ಬೀದಿಯ ಆ ತುದಿಗೆ ನಡೆದಳು.

ಹೊಸ ಕ್ಯಾಮೆರಾ ಮೊದಲ ಕೆಲವು ಚಿತ್ರಗಳನ್ನು ಚಕಚಕ ತೆಗೆಯಿತು. ಅವಳು ಹತ್ತಿರ ಬರುವ ಹೊತ್ತಿಗೆ, ತೆಗೆದದ್ದನ್ನೆಲ್ಲ ಕಾರ್ಡಿಗೆ ತುಂಬಲಾರದೆ, ಏನೋ ಆಲೋಚನೆಗೆ ಬಿದ್ದವರ ಹಾಗೆ ಸುಮ್ಮನಾಯಿತು. ಅವನು ಗುಂಡಿ ಒತ್ತುತ್ತಲೇ ಇದ್ದ, ಅವಳು ದಾಟಿಹೋದಳು.

ಎರಡನೆಯ ಸಲ ಹಳೆಯದನ್ನು ಹಿಡಿದ. ಅವಳು ಮತ್ತೆ ಆ ತುದಿಯಿಂದ ಹೊರಟಳು. ಮಧ್ಯದಲ್ಲಿ ಒಂದು ಒಡವೆ ಅಂಗಡಿಯಿತ್ತು. ಅದರ ಕಾವಲುಗಾರ ಮೊದಲ ಸಲ ಅವಳು ಓಡಿದ್ದನ್ನು ಕಂಡು ಅನುಮಾನದಲ್ಲಿದ್ದವನು, ಎರಡನೆಯ ಸಲ ಓಡಿದ್ದನ್ನು ಕಂಡು ಅನುಮಾನ ಬಿಟ್ಟ. ಸ್ಟೂಲಿನಿಂದ ಜಿಗಿದು, “ಹಿಡೀರಿ, ಹಿಡೀರಿ,” ಎನ್ನುತ್ತ ಬೆನ್ನಟ್ಟಿದ. ಹಿಂದೆ ಯಾರೋ ಓಡಿಬರುವ ಸದ್ದು ಕೇಳಿದ್ದೇ ಅವಳು ಸ್ಪರ್ಧೆಯೆಂದು ತಿಳಿದು ವೇಗ ಹೆಚ್ಚಿಸಿದಳು. ಕಾವಲುಗಾರನಿಗೆ ಅವಳು ಕೊನೆಯವರೆಗೂ ಎಟುಕಲಿಲ್ಲ.

ಅವನನ್ನು ಕೂರಿಸಿ, ನೀರು ಕೊಟ್ಟು, ಇದು ಕಳ್ಳತನವಲ್ಲ, ವ್ಯಾಪಾರ ಎಂದು ತಿಳಿಹೇಳುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು. ಆಮೇಲೆ ಎಲ್ಲರೂ ಕ್ಯಾಮೆರಾದ ಹಿಂದಿನ ಪರದೆಗೆ ಬಾಗಿದರು. ಕೋಟಿನ ಗುಂಡಿಯ ದಾರದವರೆಗೆ ಎಲ್ಲ ಸ್ಪಷ್ಟವಾಗಿತ್ತು. ಅವಳ ಕೆನ್ನೆ ಒಂದು ಬದಿಗೆ ಜರುಗಿತ್ತು, ತುಟಿ ಸೊಟ್ಟಗಾಗಿತ್ತು. ಸ್ಟುಡಿಯೋದಲ್ಲಾಗಿದ್ದರೆ ಅವನು ಅದನ್ನು ಅಳಿಸಿ ಇನ್ನೊಂದು ತೆಗೆಯುತ್ತಿದ್ದ. ಹಿಂದೆ ಕಾವಲುಗಾರ ಬಾಯಿ ತೆರೆದು ಬರುತ್ತಿದ್ದ.

ಅವಳು ಬಹಳ ಹೊತ್ತು ನೋಡಿದಳು. “ಇದನ್ನೇ ತಗೊಳ್ಳಿ,” ಎಂದಳು. ಕಾವಲುಗಾರ ತನಗೂ ಒಂದು ಪ್ರತಿ ಬೇಕೆಂದ. ಭಾವಮೈದ, ತಾನು ಮೊದಲಿನಿಂದ ಹೇಳಿದ್ದೂ ಇದನ್ನೇ ಎಂದ.

ಹೊರಡುವ ಮುಂಚೆ ಅಂಗಡಿಯವಳು ಒಂದು ಮಾತು ಹೇಳಿದಳು. “ಇದರೊಳಗೆ ಒಂದು ಕನ್ನಡಿ ಇದೆ. ನೀವು ನೋಡೋದು ಅದರಲ್ಲೇ. ಚಿತ್ರ ತೆಗೆಯೋ ಕ್ಷಣಕ್ಕೆ ಅದು ಮೇಲೆ ಹೋಗಿ ಕಣ್ಣು ಕತ್ತಲಾಗ್ತದೆ. ಕಂಡಿದ್ದು ಸಿಕ್ಕಿರಲ್ಲ, ಸಿಕ್ಕಿದ್ದು ಕಂಡಿರಲ್ಲ. ಕಾಣೋಕ್ಕಿಂತ ಒಂಚೂರು ಮುಂಚೆ ಒತ್ತಬೇಕು.”

ಅವನು ಅಭ್ಯಾಸಕ್ಕೆ ಇಳಿದ. ಬೀದಿಯ ನಾಯಿ, ಪಾರಿವಾಳ, ತಿರುವಿನಲ್ಲಿ ಬರುವ ಬಸ್ಸು, ಯಾವುದನ್ನೂ ಬಿಡಲಿಲ್ಲ. ನಾಲಿಗೆಯ ರೂಢಿ ಮಾತ್ರ ಬೇಗ ಹೋಗಲಿಲ್ಲ. ಒಂದು ಸಲ ಬಸ್ಸಿಗೇ “ಅಲ್ಲಾಡಬೇಡಿ” ಎಂದದ್ದನ್ನು ಕಂಡಕ್ಟರ್ ಕೇಳಿಸಿಕೊಂಡ.

ಮುಂದಿನ ಕೂಟದಲ್ಲಿ ಅವನು ಮುಕ್ತಾಯದ ಗೆರೆಯ ಪಕ್ಕ ಹುಲ್ಲಿನ ಮೇಲೆ ಒಂದು ಮೊಣಕಾಲೂರಿ ಕೂತ. ಪಿಸ್ತೂಲಿನ ಸದ್ದಾಯಿತು. ಆಮೇಲೆ ಅವನಿಗೆ ಕಂಡದ್ದು ಅವಳೊಬ್ಬಳೇ. ತಿರುವಿನಿಂದ ಹೊರಬಂದು, ಕೈಗಳಿಂದ ಗಾಳಿಯನ್ನು ಕೊಚ್ಚುತ್ತ, ದೊಡ್ಡದಾಗುತ್ತ ಬಂದಳು. ಕನ್ನಡಿ ಏರಿ ಇಳಿದು ಏರಿ ಇಳಿದು, ಅವಳು ತುಂಡುತುಂಡಾಗಿ ಅವನತ್ತ ಬಂದು ದಾಟಿದಳು.

“ನಾನು ಎಷ್ಟನೆಯವಳು?” ಸೊಂಟ ಹಿಡಿದುಕೊಂಡು ಬಂದು ಕೇಳಿದಳು.

“ನೋಡಲಿಲ್ಲ.”

“ಇಲ್ಲೇ ಇದ್ರಲ್ಲ.”

“ನಿನ್ನನ್ನ ನೋಡ್ತಿದ್ದೆ.”

ಅಷ್ಟರಲ್ಲಿ ತೀರ್ಪುಗಾರರ ಮೇಜಿನ ಬಳಿ ಗದ್ದಲವಾಯಿತು. ಮೊದಲ ಇಬ್ಬರ ಬಗ್ಗೆ ತಕರಾರಿರಲಿಲ್ಲ. ಮೂರನೆಯ ಸ್ಥಾನ ಇವಳದೆಂದು ಒಬ್ಬ ತೀರ್ಪುಗಾರ, ಪಕ್ಕದ ಪಟ್ಟಿಯಲ್ಲಿ ಓಡಿದ ಹಳದಿ ಅಂಗಿಯವಳದೆಂದು ಇನ್ನೊಬ್ಬ. ಎತ್ತು ಏರಿಗೆ, ಕೋಣ ನೀರಿಗೆ. ಹಳದಿ ಅಂಗಿಯವಳು ಹಲ್ಲಿನ ಡಾಕ್ಟರು. ಜಗಳವಾಡದೆ ದೂರದಲ್ಲಿ ಬೂಟಿನ ದಾರ ಬಿಚ್ಚುತ್ತ ಕೂತಿದ್ದಳು. ಮೂರನೆಯ ತೀರ್ಪುಗಾರನಿಗೆ ಕ್ಯಾಮೆರಾ ಕಣ್ಣಿಗೆ ಬಿತ್ತು.

“ಕೊನೆಯದು ಸಿಕ್ಕಿದೆಯಾ, ಸಾರ್?”

‘ಅಲ್ಲಾಡಬೇಡಿ’ ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ಎಲ್ಲದರಲ್ಲೂ ಹೆಂಡತಿಯೇ ತುಂಬಿಕೊಂಡಿದ್ದಳು. ಕಟ್ಟಕಡೆಯದರ ಅಂಚಿನಲ್ಲಿ ಗೆರೆಯ ಒಂದು ಚೂರು ಬಿಳಿ ಕಾಣುತ್ತಿತ್ತು, ಅದರ ಮೇಲೆ ಹಳದಿ ಅಂಗಿಯ ಎದೆ ಮತ್ತು ಒಂದು ಭುಜ. ಹೆಂಡತಿ ಇನ್ನೂ ಗೆರೆ ಮುಟ್ಟಿರಲಿಲ್ಲ.

ಅದನ್ನು ಮೊದಲು ಕಂಡವನು ಅವನೇ. ಅವನ ಹೆಬ್ಬೆರಳು ಅಳಿಸುವ ಗುಂಡಿಯಿಂದ ದೂರವೇನೂ ಇರಲಿಲ್ಲ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

“ಏನಿದೆ ಅದರಲ್ಲಿ?”

“ಅವರು ಮುಂದಿದ್ದಾರೆ,” ಎಂದು ಅವನು ಕ್ಯಾಮೆರಾವನ್ನು ತೀರ್ಪುಗಾರನ ಕೈಗೆ ಕೊಟ್ಟ.

ಮೂವರೂ ತೀರ್ಪುಗಾರರು ತಲೆ ಕೂಡಿಸಿ ನೋಡಿ, ಮೂರನೆಯ ಸ್ಥಾನ ಹಲ್ಲಿನ ಡಾಕ್ಟರಿಗೆ ಎಂದರು. ಫೋಟೊ ಬಹಳ ಸ್ಪಷ್ಟವಾಗಿದೆ ಎಂದೂ ಹೊಗಳಿದರು. ಅವನು ಲೆನ್ಸಿಗೆ ಮುಚ್ಚಳ ಹಾಕಿದ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಬಹಳ ದೂರ ಬಂದ ಮೇಲೆ, “ಅಷ್ಟೊಂದು ಒಳ್ಳೆ ಲೆನ್ಸ್ ಬೇಕಿರ್ಲಿಲ್ಲ,” ಎಂದಳು. ಅವನು ಹೂಂ ಎಂದ. ನಿಲ್ದಾಣ ಹತ್ತಿರವಾದಾಗ ಅವಳೇ, “ಅಳಿಸಿಬಿಡ್ತೀರೇನೋ ಅಂದ್ಕೊಂಡೆ,” ಎಂದಳು.

“ಅಳಿಸ್ಬೇಕಿತ್ತಾ?”

“ಅಳಿಸಿದ್ರೆ ನಿಮ್ಮ ಜೊತೆ ಈ ಬಸ್ಸಲ್ಲಿ ಬರ್ತಿರ್ಲಿಲ್ಲ.”

ಮನೆಯಲ್ಲಿ ಅವಳು ಮುಖ ತೊಳೆದುಕೊಂಡು ಬಂದು ಚಿತ್ರಗಳನ್ನೆಲ್ಲ ನೋಡಿದಳು. ಒಂದರಲ್ಲಿ ಅವಳ ಎರಡು ಪಾದಗಳೂ ನೆಲ ಬಿಟ್ಟಿದ್ದವು. ಕೆಳಗೆ ಅವಳದೇ ನೆರಳು ಬೇರೆಯಾಗಿ ಬಿದ್ದಿತ್ತು. ಅವಳು ಪರದೆಯ ಮೇಲೆ ಪಾದಕ್ಕೂ ನೆರಳಿಗೂ ನಡುವೆ ಬೆರಳಿಟ್ಟು ಅಳೆದಳು. ಆಮೇಲೆ ಗಂಡನ ಭುಜದ ಮೇಲೆ ಕೈಯಿಟ್ಟು, ಇನ್ನೊಂದು ಸಲ ಅಳೆದಳು. ಅವನು ಅಲುಗಾಡದೆ ಕೂತಿದ್ದ.

ಕೆಲವು ದಿನಗಳ ಮೇಲೆ ಹಲ್ಲಿನ ಡಾಕ್ಟರ್ ವಿಳಾಸ ಹುಡುಕಿಕೊಂಡು ಸ್ಟುಡಿಯೋಗೆ ಬಂದಳು. ತನ್ನ ಎದೆ, ಭುಜ ಮಾತ್ರ ಇರುವ ಆ ಚಿತ್ರದ ಪ್ರತಿ ತೆಗೆದುಕೊಂಡು, ಮುಂದಿನ ಕೂಟದಲ್ಲಿ ತನ್ನದೂ ಪೂರ್ತಿಯಾಗಿ ಒಂದು ತೆಗೆಯಬಹುದೇ ಎಂದು ಸಂಕೋಚದಿಂದ ಕೇಳಿದಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಅವನು ಕಳಿಸಿದ.

ಮನೆಯಲ್ಲಿ ಹೆಂಡತಿ ಬೂಟು ಒರೆಸುತ್ತಿದ್ದಳು. ಕೇಳಿಸಿಕೊಂಡು, ಇನ್ನೊಂದು ಬೂಟನ್ನೂ ಒರೆಸಿ ಮುಗಿಸಿದಳು.

“ತೆಗೀರಿ, ಪಾಪ,” ಎಂದಳು. “ಆದ್ರೆ ನನ್ನ ಹಿಂದೆ ಬರ್ತಿರುವಾಗ ತೆಗೀರಿ.”