ಎಕ್ಸೆಲ್ ಬೂಟಿಗೆ ಕಟ್ಟಿದ ಕೊಟ್ಟೆ

ಗಾಡಿಯ ಮೂತಿ ಎತ್ತರಿಸಿಕೊಡು ಎಂದು ಬರುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕಂಪನಿಯವರು ಲೆಕ್ಕ ಹಾಕಿ ಇಷ್ಟೇ ಎತ್ತರ ಸಾಕು ಎಂದು ಮಾಡಿ ಕಳಿಸಿದ ಗಾಡಿಯನ್ನು ಇವರು ತುದಿಗಾಲ ಮೇಲೆ ನಿಲ್ಲಿಸಲು ಹೊರಡುತ್ತಾರೆ. ಆಮೇಲೆ ಏನಾದರೂ ಹರಿದರೆ, ಮುರಿದರೆ ಮೇಸ್ತ್ರಿಯ ತಲೆಗೆ. ನನ್ನ ಸಿಟ್ಟಿಗೆ ಇದಿಷ್ಟೇ ಕಾರಣವಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಶಿರಸಿಯಲ್ಲಿ, ಯಲ್ಲಾಪುರ ರಸ್ತೆಯ ಬದಿಗೆ ನಾಲ್ಕು ತಗಡು ಹೊದೆಸಿ ಸ್ವಂತ ಗ್ಯಾರೇಜು ಹಾಕಿದೆ. ಅದಕ್ಕೂ ಮೊದಲು ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದಿದ್ದೆ. ಹೊಸ ಗ್ಯಾರೇಜಿಗೆ ಪಾನಾ, ಜಾಕು ಇದ್ದರೆ ಸಾಲದು, ಹೆಸರು ಬೇಕು. ನಮ್ಮ ಕಡೆ ಒಂದು ಕೆಟ್ಟ ಮಾತು ಬೆಳಿಗ್ಗೆ ಸಿದ್ದಾಪುರದಲ್ಲಿ ಹುಟ್ಟಿದರೆ ಮಧ್ಯಾಹ್ನದ ಊಟದೊಳಗೆ ಯಲ್ಲಾಪುರ ಮುಟ್ಟುತ್ತದೆ. ‘ಅವನ ಕೆಲಸ ಸಮ ಇಲ್ಲ’ ಎಂದು ನಾಲ್ಕು ಜನ ಆಡಿಕೊಂಡರೆ ತಗಡು ಬಿಚ್ಚಿಕೊಂಡು ಮತ್ತೆ ಹಳೆಯ ಧಣಿಯ ಬಾಗಿಲಿಗೆ ಹೋಗುವುದೇ.

ಆ ಹೊತ್ತಿಗೆ ಬಂದವರು ಹುಲೇಕಲ್ ಕಡೆಯ ತೋಟದ ಯಜಮಾನರೊಬ್ಬರು. ಅರವತ್ತರ ಹತ್ತಿರದ ವಯಸ್ಸು. ಅವರ ಹತ್ತಿರ ಹರಾಜಿನಲ್ಲಿ ಹಿಡಿದ ನಾಲ್ಕೂ ಗಾಲಿ ಎಳೆಯುವ ಒಂದು ಹಳೆಯ ಫೋರ್‌ವೀಲ್ ಪಿಕಪ್ ಇತ್ತು. ಗಾಡಿಯ ವಿಷಯ ಬಂದರೆ ಆ ಕಡೆಯ ಹತ್ತಾರು ಮನೆಯವರು ಕೇಳುತ್ತಿದ್ದದ್ದು ಅವರ ಮಾತನ್ನೇ.

“ತಮಾ, ಹಳ್ಳ ದಾಟೂವಾಗ ಅಡಿಗೆ ಒಂದು ಕಲ್ಲು ಬಡೀತು. ಮುಂದೆ ನಾಲ್ಕು ಬೆರಳು ಎತ್ತಿ ಕೊಡು, ನೋಡ್ವ” ಎಂದರು.

ಬೇಡ ಎನ್ನಬೇಕಿತ್ತು. ಆ ಗಾಡಿಯ ಮುಂಭಾಗವನ್ನು ಹೊರುವುದು ಎರಡು ಉದ್ದನೆಯ ಕಬ್ಬಿಣದ ಸರಳು. ಅವುಗಳ ಬೋಲ್ಟು ಬಿಗಿ ಮಾಡಿದರೆ ಮೂತಿ ಏಳುತ್ತದೆ, ನಿಜ. ಆದರೆ ಗಾಲಿಗೆ ಹೋಗುವ ಎಕ್ಸೆಲ್ ಓರೆಯಾಗುತ್ತದೆ. ಎಕ್ಸೆಲ್ಲಿನ ತುದಿಯ ಜಾಯಿಂಟಿಗೆ ಗ್ರೀಸು ತುಂಬಿ, ಮೇಲಿಂದ ನೆರಿಗೆ ನೆರಿಗೆಯ ರಬ್ಬರ್ ಬೂಟು ಹಾಕಿರುತ್ತಾರೆ. ಎಕ್ಸೆಲ್ ಓರೆಯಾದರೆ ಆ ನೆರಿಗೆಗಳು ಒಂದಕ್ಕೊಂದು ತಿಕ್ಕಿ ಹರಿಯುತ್ತವೆ. ಇದೆಲ್ಲ ನನಗೆ ಗೊತ್ತಿತ್ತು. ಬಂದ ಗಿರಾಕಿ ತಿರುಗಿ ಹೋದಾರೆಂಬ ಹೆದರಿಕೆಯಿಂದ “ಅದಕ್ಕೇನು ಒಡೇರೇ, ಮಾಡ್ವ” ಎಂದೆ.

ಎರಡೇ ತಿಂಗಳಲ್ಲಿ ಬಲಗಡೆಯ ಬೂಟು ಹರಿಯಿತು. ಹರಿದ ಬೂಟು ಅಡಗಿ ಕೂರುವುದಿಲ್ಲ, ಗಾಲಿಯ ಒಳಮೈಗೆಲ್ಲ ಕಪ್ಪು ಗ್ರೀಸು ಎರಚಿ ಹೇಳಿಬಿಡುತ್ತದೆ. ಅದನ್ನು ನೋಡಿಯೇ ಅವರು ಬಂದಿದ್ದರು. ಬೂಟು ಹುಬ್ಬಳ್ಳಿಯಿಂದ ತರಿಸಬೇಕು. ಗಾಲಿ ಕಳಚಿ, ಎಕ್ಸೆಲ್ ಹೊರಗೆಳೆದು, ಜಾಯಿಂಟನ್ನು ಡೀಸೆಲ್ಲಿನಲ್ಲಿ ತೊಳೆದು, ಅದರೊಳಗಿನ ಉಕ್ಕಿನ ಗುಂಡುಗಳನ್ನು ಒಂದೊಂದೇ ಒರೆಸಿ, ಹೊಸ ಗ್ರೀಸು ಒತ್ತಿ, ಬೂಟು ಏರಿಸಿ ಪಟ್ಟಿ ಬಿಗಿಯುವಷ್ಟರಲ್ಲಿ ಒಂದು ದಿನ ಹೋಯಿತು. ಅಷ್ಟೂ ಹೊತ್ತು ಅವರು ಬೆಂಚಿನ ಮೇಲೆ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಿದ್ದರು.

“ಎಂತಕ್ಕೆ ಹರಿತು ತಮಾ?”

ಎತ್ತರ ಮಾಡಿದ್ದಕ್ಕೆ ಎಂದರೆ, ಗೊತ್ತಿದ್ದೂ ಯಾಕೆ ಮಾಡಿದೆ ಎಂದು ಕೇಳುತ್ತಾರೆ. ಬಾಯಿಗೆ ಬಂದದ್ದು ಹೇಳಿದೆ. “ಹಳ್ಳದ ನೀರು ಒಡೇರೇ. ಬೂಟಿಗೆ ನೀರು ತಾಗೂದೇ ಆಗೂದಿಲ್ಲ. ರಬ್ಬರು ಕೊಳೀತದೆ.”

ಅವರು ಹೌದೆಂದು ತಲೆಯಾಡಿಸಿದರು. ಕೊಳೆಯುತ್ತದೆ ಎಂದರೆ ಕೊಳೆರೋಗ ಕಂಡ ಅಡಿಕೆ ಬೆಳೆಗಾರರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆರು ತಿಂಗಳ ಮೇಲೆ, ಮಳೆಗಾಲ ಮುಗಿದು ರಸ್ತೆ ಒಣಗುವ ಹೊತ್ತಿಗೆ, ಗಾಡಿ ಮತ್ತೆ ಬಂತು. ಸ್ಟೇರಿಂಗ್ ತಿರುಗಿಸಿದರೆ ಸಾಕು, ಕಟಕಟ ಸದ್ದು ರಸ್ತೆಯಾಚೆಗೂ ಕೇಳುತ್ತಿತ್ತು. ಗ್ಯಾರೇಜಿನಲ್ಲಿ ಅವತ್ತು ಬೇರೆ ಗಿರಾಕಿಗಳೂ ಇದ್ದರು. ನಾನು ಗಾಡಿಯಡಿ ತೂರಿ ನೋಡಿದೆ. ಎರಡೂ ಗಾಲಿಯ ಬೂಟಿಗೆ ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟಿತ್ತು!

ಮಳೆಗಾಲಕ್ಕೆ ಮುಂಚೆ, ಕೊಳೆರೋಗ ಬಾರದಿರಲೆಂದು ಅಡಿಕೆ ಗೊನೆಗೆ ತೊಡಿಸುವ ಚೀಲದಂಥ ಅದೇ ಕೊಟ್ಟೆ. ಮರದ ತುದಿಯಲ್ಲಿ ಹಾಕುವಂಥ ಗಟ್ಟಿ ಗಂಟು. ಗೊನೆಗೆ ಗಾಳಿಯಾಡಲಿ ಎಂದು ಬಿಡುವ ಹಾಗೆ ಇಲ್ಲಿಯೂ ಒಂದು ಬಾಯಿ ತೆರೆದೇ ಬಿಟ್ಟಿದ್ದರು. ಮರ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ನೀರು ಮೇಲಿಂದ ಬೀಳುತ್ತದೆ. ಎಕ್ಸೆಲ್ ಗಿರಗಿರ ತಿರುಗುತ್ತದೆ, ಅದಕ್ಕೆ ನೀರು ಕೆಳಗಿನಿಂದ ರಾಚುತ್ತದೆ. ಕೊಟ್ಟೆಯ ಒಳಗೆ ಬೂಟು ಯಾವಾಗಲೋ ಹರಿದಿತ್ತು. ಎರಚುವ ಗ್ರೀಸನ್ನು ಕೊಟ್ಟೆಯೇ ಹಿಡಿದಿಟ್ಟದ್ದರಿಂದ ಯಾರಿಗೂ ಕಂಡಿರಲಿಲ್ಲ. ತೆರೆದ ಬಾಯಿಯಿಂದ ಹಳ್ಳದ ಮರಳೆಲ್ಲ ಒಳಗೆ ಹೊಕ್ಕು, ಗ್ರೀಸಿನ ಜೊತೆ ಕಲೆತು, ಜಾಯಿಂಟುಗಳನ್ನು ಅರೆದು ಹಾಕಿತ್ತು.

ನಾನು ಕೊಟ್ಟೆ ಬಿಚ್ಚಿಕೊಂಡು ಹೊರಗೆ ಬಂದು ಅದನ್ನು ಯಜಮಾನರ ಕಾಲ ಬುಡಕ್ಕೆ ಎಸೆದೆ. “ಗಾಡಿ ಅಂದ್ರೆ ಅಡಿಕೆ ಮರ ಅಂತ ಮಾಡಿದ್ರಾ? ತಲೆ ಎಲ್ಲಿಟ್ಟು ಬಂದಿದ್ರಿ? ಇಂಥಾ ಪೆದ್ದು ಕೆಲಸ ಮಾಡ್ಕೊಂಡು ಬಂದು ನಾಳೆ ನನ್ನ ಹೆಸರು ಹೇಳೂದು!” ಎಂದು ಐದು ಜನರೆದುರು ಕೂಗಿದೆ. ತಂದೆಯ ವಯಸ್ಸಿನವರು ಎಂದೂ ನೋಡಲಿಲ್ಲ.

ಅವರು ಕವಳ ಉಗಿದು ಬಂದರು. ದನಿ ಏರಿಸಲಿಲ್ಲ.

“ನೀನೇ ಹೇಳಿದ್ದೆಲಾ ತಮಾ, ನೀರು ತಾಗಿರೆ ಕೊಳೀತು ಹೇಳಿ. ಕೊಳೆಗೆ ಯಂಗೆ ಗೊತ್ತಿಪ್ಪ ಮದ್ದು ಇದೊಂದೇಯ.” ಮತ್ತೆ ಅಂದರು, “ತಪ್ಪು ಯನ್ನದೇ, ಬಿಡು. ಎಂತ ಹಾಕವು ಅದನ್ನ ಹಾಕು.”

ನನ್ನ ಸುಳ್ಳನ್ನು ಅವರು ನಿಜವೆಂದೇ ನಂಬಿದ್ದರು. ನಂಬಿ, ಗಾಡಿಯಡಿ ಮಲಗಿ, ತಮ್ಮ ಕೈಯಾರೆ ಕಟ್ಟಿದ್ದರು. ಅದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಮ್ಮಡಿಯಾಯಿತು. ಪಾನಾ, ಸುತ್ತಿಗೆ, ಡೀಸೆಲ್ ಡಬ್ಬಿ ಎಲ್ಲದರ ಮೇಲೂ ಅದನ್ನು ತೀರಿಸಿಕೊಂಡೆ. ಹೊಸ ಜಾಯಿಂಟು, ಹೊಸ ಬೂಟು ಹಾಕಿ, ಯಾರಿಗೂ ಹೇಳದೆ ಆ ಸರಳುಗಳ ಬೋಲ್ಟು ಸಡಿಲಿಸಿ ಗಾಡಿಯನ್ನು ಮೊದಲಿನ ಎತ್ತರಕ್ಕೇ ಇಳಿಸಿದೆ.

“ಮೂತಿ ಕೆಳಗೆ ಬಂದಾಂಗೆ ಕಾಣ್ತಲಾ?” ಎಂದರು.

“ಹೊಸ ಜಾಯಿಂಟು ಒಡೇರೇ. ಹಾಗೇ ಇರ್ಬೇಕು.” ಇದು ಎರಡನೆಯ ಸುಳ್ಳು.

ಬೂಟು ಆಮೇಲೆ ಹರಿಯಲಿಲ್ಲ. ಅವರು ಆಳು ಕರೆದು ಹಳ್ಳದ ಆ ಕಲ್ಲನ್ನು ಒಡೆಸಿ ಹಾಕಿದರಂತೆ, ಒಂದು ಮಧ್ಯಾಹ್ನದ ಕೆಲಸ. ಮೊದಲೇ ಅಷ್ಟು ಮಾಡಿ ಎನ್ನಲು ನನಗೆ ಏನು ಧಾಡಿಯಾಗಿತ್ತು? ನನ್ನ ಹೆಸರು ಕೆಡುವುದೆಂದು ಕಾಯುತ್ತಿದ್ದೆ. ಕೆಡಲಿಲ್ಲ. ‘ಆನು ಮಳ್ಳು, ಬೂಟಿಗೆ ಕೊಟ್ಟೆ ಕಟ್ಟಿ ಹಾಳು ಮಾಡಿದ್ದೆ, ಆ ಮಾಣಿ ಸರಿ ಮಾಡಿಕೊಟ್ಟ’ ಎಂದು ಅವರೇ ಕಂಡಕಂಡಲ್ಲಿ ಹೇಳಿದರು. ಭೈರುಂಬೆಯಿಂದ, ಸಿದ್ದಾಪುರದಿಂದ ಗಿರಾಕಿಗಳು ಬಂದರು. ಬಂದವರೆಲ್ಲ ಆ ಕತೆ ಕೇಳಿ ನಗುತ್ತಿದ್ದರು. ಆ ಹಿರಿಯರಿಗೆ ‘ಕೊಟ್ಟೆ ಯಜಮಾನ’ ಎಂಬ ಅಡ್ಡಹೆಸರೇ ಬಿತ್ತು.

ಎರಡು ಸಾವಿರದ ಇಸವಿಯ ಆಚೆಗಿನ ಒಂದು ವರ್ಷ, ಎಣ್ಣೆ ಬದಲಿಸಲು ಬಂದು ಅವರು ಅದೇ ಬೆಂಚಿನ ಮೇಲೆ ಕೂತಿದ್ದರು. ಅವರ ಗುರುತಿಲ್ಲದ ಯಲ್ಲಾಪುರದ ಡ್ರೈವರೊಬ್ಬ ಕೊಟ್ಟೆಯ ಕತೆಯನ್ನು ಕೈಕಾಲು ಸೇರಿಸಿ ಅವರಿಗೇ ಹೇಳಿದ. ಎಲ್ಲರೂ ನಕ್ಕರು. ಅವರೂ ನಕ್ಕರು. ನಕ್ಕು, ನನ್ನ ಕಡೆ ಒಮ್ಮೆ ನೋಡಿದರು. ನಾನು ಪಾನಾ ಬಿದ್ದಿದೆ ಎನ್ನುವವನಂತೆ ಗಾಡಿಯಡಿ ತೂರಿದೆ. ಐದು ಜನರೆದುರು ಕೂಗಲು ಬಂದ ಬಾಯಿಗೆ, ಅವರೊಬ್ಬರೆದುರು ‘ತಪ್ಪು ನನ್ನದು’ ಎಂಬ ಎರಡು ಮಾತು ಹೇಳಲು ಬರಲಿಲ್ಲ.