ಗಾಳದ ಜಾಗ ಹೇಳಿದವರು ಯಾರು

ಹುಬ್ಬಳ್ಳಿಯ ನವನಗರದಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಒಬ್ಬ ಹಿರಿಯರು ಬಂದರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು, ಮನೆ ಬೆಂಗೇರಿಯಲ್ಲಿ. ಓದುವ ಚಾಳೀಸು ಅವರ ಬಳಿ ಆಗಲೇ ಇತ್ತು. ಅವರಿಗೆ ಬೇಕಾದದ್ದು ಬೇರೆ.

"ನೀರಿನ ಮ್ಯಾಲಿನ ಝಳಾ ಕಣ್ಣಿಗೆ ಹೊಡೀಬಾರದು, ಒಳಗಿಂದು ಕಾಣಬೇಕು. ಅಂಥಾ ಗ್ಲಾಸು ಅದಾವೇನ್ರಿ?"

ರಸ್ತೆಯ ಮೇಲಿನ ಬಿಸಿಲ ಹೊಳಪು ತಡೆಯುವ ಕನ್ನಡಕ ಕೇಳಿಕೊಂಡು ಕಾರು ಓಡಿಸುವವರು ಬರುತ್ತಾರೆ. ನೀರಿನ ಒಳಗೆ ನೋಡಬೇಕು ಎಂದವರು ಇವರೇ ಮೊದಲು.

"ಗಾಳಾ ಹಾಕತೀರೇನ್ರಿ?" ಎಂದೆ.

ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಅವರು ಹಿಂದೆ ತಿರುಗಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮಗ ಹೆಂಗ ಗೊತ್ತಾತು?" ಎಂದರು.

ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ನಮ್ಮಲ್ಲಿ ಮೀನು ತಿನ್ನುವುದಿಲ್ಲ. ಆದರೂ ಅಪ್ಪನಿಗೆ ಗಾಳದ ಹುಚ್ಚು. ರಜೆಯ ದಿನ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರ ಹೊರಗಿನ ಕೆರೆಗೆ ಹೋಗುತ್ತಿದ್ದರು, ಸಿಕ್ಕಿದ್ದನ್ನು ಜೊತೆಯ ನೌಕರರಿಗೆ ಕೊಟ್ಟು ಬರುತ್ತಿದ್ದರು. ಅಪ್ಪ ಹೋದ ಮೇಲೆ ಅವರ ಕೋಲು, ರೀಲು ನನ್ನ ಕಪಾಟಿಗೆ ಬಂದವು. ಗಂಡನಿಗೆ ಇದು ಗೊತ್ತು. ಅತ್ತೆ ಎಂದೂ ಕೇಳಿಲ್ಲ, ನಾನೂ ಹೇಳಿಲ್ಲ.

ಆ ಹಿರಿಯರು ನನಗೆ ಕಾಕಾ ಆದರು, ನಾನು ಅವರಿಗೆ ತಂಗಿ ಆದೆ. ಆದರೆ ತಮ್ಮ ಜಾಗ ತೋರಿಸಲು ಅವರು ಬಹಳ ಕಾಲ ತೆಗೆದುಕೊಂಡರು. ಮೊದಲು ಎಲ್ಲರಿಗೂ ಗೊತ್ತಿರುವ ಕೆರೆಗಳಿಗೆ ಕರೆದೊಯ್ದರು. ನಾನು ಫೋನು ಎಷ್ಟು ಸಲ ಹೊರಗೆ ತೆಗೆಯುತ್ತೇನೆ, ದಾರಿಯಲ್ಲಿ ಸಿಕ್ಕವರೊಡನೆ ಏನು ಮಾತಾಡುತ್ತೇನೆ ಎಂದು ನೋಡುತ್ತಿದ್ದರು ಅನ್ನಿಸುತ್ತದೆ. ಕೊನೆಗೊಂದು ದಿನ ಉಪ್ಪಿನಬೆಟಗೇರಿಯ ಆಚೆ, ಹಳ್ಳಕ್ಕೆ ಅಡ್ಡ ಕಟ್ಟಿದ ಹಳೆಯ ಬಾಂದಾರಕ್ಕೆ ಕರೆದೊಯ್ದರು. ಮಳೆಗಾಲದಲ್ಲಿ ಮೇಲಿನ ಕೆರೆ ತುಂಬಿ ಹರಿದಾಗ ಕಟ್ಲಾ, ರೋಹು ಮೀನುಗಳು ಹಳ್ಳಕ್ಕಿಳಿದು ಆ ಕಟ್ಟೆಯ ಹಿಂದೆ ನಿಲ್ಲುತ್ತಿದ್ದವು. ಅದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ, ಅಥವಾ ಹಾಗೆಂದು ನಾವು ತಿಳಿದಿದ್ದೆವು.

"ಒಂದ ಮಾತು ತಂಗಿ," ಎಂದು ಕಾಕಾ ಅವತ್ತು ಹೇಳಿದರು. "ತೋರಿಸಿಕೊಂಡವರು ಮೂರನೇದವರಿಗೆ ತೋರಸಬಾರದು. ಫೋಟೋ ತಗದ್ರ ಮೀನು ಅಷ್ಟ ಕಾಣಬೇಕು, ದಂಡಿ ಕಾಣಬಾರದು. ಗಾಡಿ ಕಣ್ಣಿಗೆ ಬೀಳುವಂಗ ನಿಲ್ಲಸಬಾರದು."

ಇದರಲ್ಲಿ ನನಗೆ ಹೆಚ್ಚೇನೂ ಅನ್ನಿಸಲಿಲ್ಲ. ಅವಳಿ ನಗರದ ಗಾಳದವರ ಒಂದು ವಾಟ್ಸಾಪ್ ಗುಂಪಿನಲ್ಲಿ ನಾವಿಬ್ಬರೂ ಇದ್ದೆವು. ಅಲ್ಲಿ ಯಾರಾದರೂ ಮೀನಿನ ಚಿತ್ರ ಹಾಕಿದರೆ "ಎಲ್ಲಿ ಸಿಕ್ತ್ರಿ?" ಎಂದು ಕೇಳುವುದು ವಾಡಿಕೆ, "ನೀರಾಗ ಸಿಕ್ತ್ರಿ" ಎಂದು ಉತ್ತರಿಸುವುದೂ ವಾಡಿಕೆ. ಅದಕ್ಕಿಂತ ಹೆಚ್ಚು ಕೇಳಿದವನನ್ನು ಎಲ್ಲರೂ ಅನುಮಾನದಿಂದ ನೋಡುತ್ತಿದ್ದರು. ಕಾಕಾ ಫೋನಿನಲ್ಲೂ ಜಾಗದ ಹೆಸರು ಎತ್ತುತ್ತಿರಲಿಲ್ಲ. "ನಾಳೆ ಬೀಗರ ಮನಿಗೆ ಹೋಗೂಣೇನು?" ಎನ್ನುತ್ತಿದ್ದರು. ನಾವು ಒಂದೇ ದಾರಿಯಲ್ಲಿ ಹೋಗುತ್ತಿರಲಿಲ್ಲ. ಅವರು ಊರ ಕಡೆಯಿಂದ, ನಾನು ಹೊಲಗಳ ನಡುವಿನ ಕಚ್ಚಾ ರಸ್ತೆಯಿಂದ. ನನ್ನ ಕೆಂಪು ಸ್ಕೂಟರನ್ನು ಜಾಲಿ ಪೊದೆಯ ಹಿಂದೆ ನಿಲ್ಲಿಸಿ ಬರುತ್ತಿದ್ದೆ.

ಹೋದ ವರ್ಷ ಮಳೆ ನಿಂತ ಮೇಲಿನ ಒಂದು ಭಾನುವಾರ ಕಾಕಾನ ಗಾಳಕ್ಕೆ ದೊಡ್ಡ ಕಟ್ಲಾ ಬಿತ್ತು. ಆ ಹೊತ್ತಿಗೆ ನಾನು ಚಹಾದ ಫ್ಲಾಸ್ಕ್ ತರಲು ಸ್ಕೂಟರಿನ ಬಳಿ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಮೀನು ದಂಡೆಯ ಮೇಲಿತ್ತು. ಕಾಕಾ ಏದುಸಿರು ಬಿಡುತ್ತ ನಗುತ್ತಿದ್ದರು. ನಾವು ಚಿತ್ರ ತೆಗೆಯಲಿಲ್ಲ. ಮೀನನ್ನು ನೀರಿಗೆ ಬಿಟ್ಟು ಚಹಾ ಕುಡಿದೆವು.

ಅದೇ ವಾರ ಗುಂಪಿನಲ್ಲಿ ಒಂದು ವಿಡಿಯೊ ಬಂತು. ಬಗ್ಗಿ ನಿಂತು ಎರಡೂ ಕೈಗಳಿಂದ ಕಟ್ಲಾ ಎತ್ತುತ್ತಿರುವ ಕಾಕಾ. ಹಿಂದೆ ಬಾಂದಾರದ ಮುರಿದ ಬಾಗಿಲು, ಅದರಾಚೆ ಗುಡಿಯ ಶಿಖರ. ನಾನು ಅದರಲ್ಲಿ ಇರಲಿಲ್ಲ. ಅರ್ಧ ತಾಸಿನೊಳಗೆ ಯಾರೋ, "ಇದು ಉಪ್ಪಿನಬೆಟಗೇರಿ ಕಡಿ ಬಾಂದಾರ ಅಲ್ಲೇನ್ರಿ?" ಎಂದು ಬರೆದರು. ಇನ್ನೊಬ್ಬರು ನಕ್ಷೆಯನ್ನೇ ಹಾಕಿದರು.

ಮರುದಿನ ಕಾಕಾ ಅಂಗಡಿಗೆ ಬಂದರು. ಗಿರಾಕಿ ಹೋಗುವವರೆಗೆ ಬಾಗಿಲ ಬಳಿಯೇ ನಿಂತಿದ್ದು, ಆಮೇಲೆ ಫೋನನ್ನು ಗಾಜಿನ ಮೇಜಿನ ಮೇಲಿಟ್ಟರು.

"ಇದನ್ನ ತಗದವರು ಯಾರ್ರಿ ಬಾಯಾರ?"

ತಂಗಿ ಹೋಗಿ ಬಾಯಾರ ಆಗಿದ್ದೆ. ನೀ ಹೋಗಿ ನೀವು ಬಂದಿತ್ತು. ಸಿಟ್ಟಿನ ಮಾತಿಗಿಂತ ಅದೇ ಹೆಚ್ಚು ತಾಗಿತು.

"ನನಗೂ ಗೊತ್ತಿಲ್ರಿ ಕಾಕಾ. ನಾ ಗಾಡಿ ಹಂತೇಕ ಹೋಗಿದ್ದೆ."

"ಹೌದು, ಹೋಗಿದ್ರಿ. ಅಲ್ಲಿ ಇದ್ದವರು ಇಬ್ಬರ. ಒಬ್ಬಂವ ಇದರಾಗ ಅದಾನ."

"ನಾ ತಗದಿಲ್ರಿ."

"ಆತು ಬಿಡ್ರಿ," ಎಂದು ಫೋನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು.

ನನಗೆ ಅಳು ಬರಲಿಲ್ಲ, ಅನುಮಾನ ಬಂತು. ತೆಗೆದದ್ದು ನಾನಲ್ಲ ಎಂಬುದು ನನಗೆ ಗೊತ್ತು. ಹಾಗಾದರೆ ಮೂರನೆಯವರೊಬ್ಬರು ಅಲ್ಲಿದ್ದರು. ಅವರನ್ನು ಕರೆತಂದವರು ಯಾರು? ಅಷ್ಟು ದೊಡ್ಡ ಮೀನು ಬಿದ್ದಾಗ ಕಾಕಾ ನನ್ನನ್ನು ಯಾಕೆ ಕೂಗಲಿಲ್ಲ? ಅವರ ಅಳಿಯ ಊರೂರು ತಿರುಗಿ ರೀಲ್ಸ್ ಮಾಡುವವನು. ಒಮ್ಮೆ ಅಂಗಡಿಗೆ ಬಂದಾಗ, "ಮಾವಾರು ಭಾನುವಾರ ಎಲ್ಲಿ ಹೋಗತಾರ್ರಿ ಅಕ್ಕಾರ?" ಎಂದು ನಗುನಗುತ್ತ ಕೇಳಿದ್ದ. ಆಗ ಅದು ಸಹಜವೆನಿಸಿತ್ತು. ಈಗ ಆ ನಗು ಬೇರೆ ಥರ ನೆನಪಾಗತೊಡಗಿತು. ಮಾವನ ದೊಡ್ಡಸ್ತಿಕೆ ತೋರಿಸಲು ಅಳಿಯ ತೆಗೆದ, ಗುಟ್ಟು ಒಡೆದ ಮೇಲೆ ಮಾವ ನನ್ನ ಮೇಲೆ ಹಾಕುತ್ತಿದ್ದಾರೆ. ಹೀಗೊಂದು ಕತೆಯನ್ನು ನಾನೇ ಕಟ್ಟಿಕೊಂಡೆ. ದಿನವೂ ಆ ಹುಡುಗನ ಸ್ಟೇಟಸ್ ನೋಡುತ್ತಿದ್ದೆ. ಅವನ ಮಗುವಿನ ಜವಳದ ಚಿತ್ರಗಳು, ಗಿರಮಿಟ್ಟಿನ ಅಂಗಡಿ, ಹೊಸ ಬೈಕು. ಬಾಂದಾರ ಇರಲಿಲ್ಲ. ಅಳಿಸಿದ್ದಾನೆ ಎಂದುಕೊಂಡೆ.

ಗಂಡನಿಗೆ ಹೇಳಿದರೆ, "ನಿನ್ನ ಫೋನಿಂದನ ಅಪ್ಪಿತಪ್ಪಿ ಹೋಗಿರಬೇಕು ನೋಡು," ಎಂದರು. ಅದನ್ನೂ ಹುಡುಕಿ ನೋಡಿದೆ. ಆ ದಿನದ್ದು ಒಂದು ಚಿತ್ರವೂ ಇರಲಿಲ್ಲ.

ಎರಡು ವಾರ ಬಿಟ್ಟು ಒಬ್ಬಳೇ ಬಾಂದಾರಕ್ಕೆ ಹೋದೆ. ಜಾಲಿ ಪೊದೆಯವರೆಗೂ ಬೈಕುಗಳು ನಿಂತಿದ್ದವು. ದಂಡೆಯ ಉದ್ದಕ್ಕೂ ಕೋಲು, ಕುರ್ಚಿ, ಗುಟ್ಕಾ ಚೀಟಿ. ಕಟ್ಟೆಯ ಮೂಲೆಯಲ್ಲಿ ಇಬ್ಬರು ಬಲೆಯನ್ನೇ ಬಿಟ್ಟಿದ್ದರು. ನಾನು ಯಾವಾಗಲೂ ಕೂರುವ ಕಲ್ಲಿನ ಬಳಿ ಹೋಗಿ ಚೀಲ ಇಟ್ಟೆ. ತಲೆಗೆ ಟವೆಲು ಸುತ್ತಿದ ಒಬ್ಬಾತ, "ಅಲ್ಲಿ ಕುಂದರಬ್ಯಾಡ್ರಿ, ಅದು ನಮ್ಮ ಜಾಗಾ," ಎಂದ.

"ಯಾವಾಗಿಂದರಿ?"

"ಹ್ವಾದ ವಾರದಿಂದ," ಎಂದ, ಬಹಳ ಗಂಭೀರವಾಗಿ.

ನಾನು ಚೀಲ ಎತ್ತಿಕೊಂಡು ಪಕ್ಕಕ್ಕೆ ನಿಂತು, ಫೋನಿನಲ್ಲಿ ಆ ವಿಡಿಯೊ ಹಾಕಿ ಎದುರಿಗಿದ್ದ ಬಾಂದಾರದ ಜೊತೆ ಹೋಲಿಸಿ ನೋಡಿದೆ. ನನ್ನ ಕಲ್ಲಿನಿಂದ ಮುರಿದ ಬಾಗಿಲು ಬಲಕ್ಕೆ ಕಾಣುತ್ತದೆ. ವಿಡಿಯೊದಲ್ಲಿ ಅದು ಎಡಕ್ಕಿತ್ತು. ಜೊತೆಗೆ ಕಾಕಾನ ನೆತ್ತಿ ಕಾಣುವಂತೆ ಮೇಲಿನಿಂದ ತೆಗೆದದ್ದು. ಅಂದರೆ ತೆಗೆದವರು ಹಳ್ಳದ ಆಚೆ, ಎತ್ತರದ ಹೊಲದ ಬದುವಿನ ಮೇಲೆ ನಿಂತಿದ್ದರು. ಇದನ್ನು ನಾನೂ ಮೊದಲೇ ನೋಡಬಹುದಿತ್ತು, ಕಾಕಾನೂ ನೋಡಬಹುದಿತ್ತು. ಇಬ್ಬರೂ ಮನುಷ್ಯರ ಮೇಲೆ ಅನುಮಾನ ಪಡುವುದರಲ್ಲಿ ಮುಳುಗಿದ್ದೆವು.

ಕಟ್ಟೆ ದಾಟಿ ಬದು ಹತ್ತಿದೆ. ಅದು ಹತ್ತಿಯ ಹೊಲ. ಸೆರಗನ್ನು ಸೊಂಟಕ್ಕೆ ಕಟ್ಟಿ ಹತ್ತಿ ಬಿಡಿಸುತ್ತಿದ್ದ, ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ನೀವು ಆ ಕೆಂಪ ಗಾಡಿಯವರಲ್ಲಾ?" ಎಂದರು. "ಜಾಲಿ ಹಿಂದ ಮುಚ್ಚಿಡತೀರಲ್ಲ, ಆ ಗಾಡಿ."

ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ನಾನು ಯಾರೆಂದು ಗೊತ್ತಿತ್ತು. ಫೋನು ತೋರಿಸಿ, "ಇದನ್ನ ಇಲ್ಲಿಂದ ಯಾರೋ ತಗದಾರ್ರಿ," ಎಂದೆ.

"ಯಾರೋ ಅಲ್ಲ, ನಮ್ಮ ಸೊಸಿ. ನಾನ ತಗಿ ಅಂದೆ."

"ಯಾಕ್ರಿ?"

"ಯಾಕ ಅಂದ್ರ ಏನ್ ಹೇಳೂಣ್ರಿ. ನಮ್ಮ ಪಂಪಸೆಟ್ಟಿನ ವಾಯರು ಎರಡು ಸರ್ತಿ ಕಳುವಾತು. ನೀವು ಇಬ್ರು ಬ್ಯಾರೆ ಬ್ಯಾರೆ ದಾರಿ ಹಿಡದು ಬರತೀರಿ. ಗಾಡಿ ಮುಚ್ಚಿಡತೀರಿ. ಎದುರು ಬಂದವರನ್ನ ಕಂಡ್ರ ಮಾರಿ ತಿರಗಸತೀರಿ. ಚಲೋ ಮಂದಿ ಹಂಗ ಬರತಾರೇನ್ರಿ?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೊಲದ ಇನ್ನೊಂದು ತುದಿಯಲ್ಲಿದ್ದ ಸೊಸೆಯನ್ನು ಕೂಗಿ ಕರೆದರು. ಆ ಹುಡುಗಿ ನಾಚುತ್ತ ಫೋನು ತೆಗೆದು ತೋರಿಸಿದಳು. ಊರಿನವರ ಗುಂಪಿನಲ್ಲಿ ಆ ವಿಡಿಯೊ ಹಾಕಿ, ಈ ಮನುಷ್ಯ ಯಾರು, ಯಾರಿಗಾದರೂ ಗುರುತಿದೆಯೇ ಎಂದು ಕೆಳಗೆ ಕೇಳಿದ್ದಳು. ಯಾರೋ ಬರಹ ಬಿಟ್ಟು ವಿಡಿಯೊವನ್ನಷ್ಟೇ ಮುಂದೆ ಕಳಿಸಿದ್ದರು. ಕಳ್ಳನ ಗುರುತು ಕೇಳಿ ಹಾಕಿದ್ದು ಮೀನಿನ ಜಾಗದ ಜಾಹೀರಾತಾಗಿ ಊರು ಸುತ್ತಿತ್ತು.

"ಈ ಮಂದಿ ಹಿಂಗ ಬರತಾರ ಅಂತ ಗೊತ್ತಿದ್ರ ಹಾಕತಿದ್ದಿಲ್ರಿ," ಎಂದಳು ಸೊಸೆ. "ಹತ್ತಿ ಗಿಡಾ ತುಳದು ಹಾಳ ಮಾಡ್ಯಾರ." ಆಮೇಲೆ ಅತ್ತೆಯ ಮುಖ ನೋಡಿ, ನನ್ನ ಕಡೆ ತಿರುಗಿ, "ನಿಮ್ಮದೂ ಒಂದು ಐತ್ರಿ," ಎಂದಳು.

ಅದು ಅದೇ ದಿನ, ಅದೇ ಹೊತ್ತಿನ ಇನ್ನೊಂದು ವಿಡಿಯೊ. ಅದನ್ನು ಅವಳು ಯಾರಿಗೂ ಕಳಿಸಿರಲಿಲ್ಲ. ನಾನು ಪೊದೆಯ ಹಿಂದಿನಿಂದ ಫ್ಲಾಸ್ಕ್ ಹಿಡಿದು ಬರುತ್ತೇನೆ, ನಿಂತು ಆ ಕಡೆ ಈ ಕಡೆ ನೋಡುತ್ತೇನೆ, ತಲೆಯ ಮೇಲಿನ ವೇಲನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ, ಬಗ್ಗಿ ಬೇಗ ಬೇಗ ಹಳ್ಳದ ಕಡೆ ಹೋಗುತ್ತೇನೆ. ಅದರಲ್ಲಿರುವ ಹೆಂಗಸನ್ನು ನಾನು ನನ್ನ ಅಂಗಡಿಯಲ್ಲಿ ಕಂಡಿದ್ದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿಕೊಳ್ಳುತ್ತಿದ್ದೆ.

"ಇದನ್ನ ನನಗ ಕಳಸ್ತೀಯೇನವಾ?" ಎಂದೆ. ನಾನು ಆ ವಿಡಿಯೊ ತೆಗೆದಿಲ್ಲ ಎಂಬುದಕ್ಕೆ ನನ್ನ ಬಳಿ ಇದೊಂದೇ ಸಾಕ್ಷಿ.

ಅಲ್ಲಿಂದ ನೆಟ್ಟಗೆ ಬೆಂಗೇರಿಗೆ ಹೋದೆ. ಕಾಕಾ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದರು. ಫೋನು ಕೈಗೆ ಕೊಟ್ಟೆ. ಒಮ್ಮೆ ನೋಡಿದರು, ಚಾಳೀಸು ಏರಿಸಿ ಮತ್ತೊಮ್ಮೆ ನೋಡಿದರು. ಹತ್ತಿ ಹೊಲದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ.

"ಅಂದ್ರ ಅವರು ನಮ್ಮನ್ನ ಕಳ್ಳರು ಅಂತ ತಿಳದಿದ್ರು."

"ಹೂಂ ರಿ."

"ನಾ ನಿಮ್ಮನ್ನ ತಿಳಕೊಂಡಿದ್ದೆ," ಎಂದರು ತಲೆ ತಗ್ಗಿಸಿ.

ಅಲ್ಲಿಗೆ ಬಿಡಬೇಕಾಗಿತ್ತು. ಮನಸ್ಸು ಹಗುರಾದ ಭರದಲ್ಲಿ, "ನಾನೂ ನಿಮ್ಮ ಅಳಿಯಂದ ಕೆಲಸ ಇರಬೇಕು ಅಂತ ಮಾಡಿದ್ದೆ ರಿ," ಎಂದುಬಿಟ್ಟೆ.

ಅವರ ಮುಖ ಬಿಗಿಯಿತು. ತವರಿಗೆ ಬಂದಿದ್ದ ಮಗಳು ಒಳಗೆ ಪಾತ್ರೆ ಇಡುತ್ತಿದ್ದ ಸದ್ದು ನಿಂತಿತು. "ಅಂವ ಅಂಥಾವ ಅಲ್ರಿ," ಎಂದರು. ಪತ್ರಿಕೆ ಮಡಚಿಟ್ಟು, "ಚಾ ಕುಡದ ಹೋಗ್ರಿ," ಎಂದರು. ಮಗಳು ಚಹಾ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದಳು.

ಬಾಂದಾರದ ಗದ್ದಲ ಬಹಳ ದಿನ ಇರಲಿಲ್ಲ. ಬಲೆಯವರು ದೊಡ್ಡ ಮೀನುಗಳನ್ನೆಲ್ಲ ಬಳಿದುಕೊಂಡು ಹೋದ ಮೇಲೆ ಬೈಕುಗಳು ಬರುವುದು ನಿಂತಿತು. ಹತ್ತಿ ಹೊಲದವರು ತಮ್ಮ ಬದುವಿಗೆ ಮುಳ್ಳಿನ ಬೇಲಿ ಹಾಕಿದರು. ಬೇಸಿಗೆ ಹೊತ್ತಿಗೆ ಕಾಕಾನೇ ಫೋನು ಮಾಡಿ, ಒಮ್ಮೆ ಹೋಗಿ ಅವರನ್ನು ಮಾತಾಡಿಸಿ ಬರೋಣ ಎಂದರು. ಈ ಸಲ ಒಂದೇ ದಾರಿಯಲ್ಲಿ ಹೋದೆವು. ಆ ಹೆಂಗಸು ನಮಗೆ ಮಜ್ಜಿಗೆ ಕೊಟ್ಟು, "ಗಾಡಿ ಇಲ್ಲೆ ಗುಡಸಲ ಮುಂದ ನಿಲ್ಲಸ್ರಿ. ಬಂದಾಗ ಒಂದು ದನಿ ಕೊಡ್ರಿ. ಅಷ್ಟಾದ್ರ ಯಾರೂ ಏನೂ ಅನ್ನಂಗಿಲ್ಲ," ಎಂದರು. ಅಂದಿನಿಂದ ಹಾಗೇ ಮಾಡುತ್ತೇವೆ. ಸಿಗುವುದು ಅಂಗೈ ಅಗಲದ ಜಿಲೇಬಿ ಮೀನು ಮಾತ್ರ. ಕಾಕಾ ಮೆಲ್ಲಗೆ ಮತ್ತೆ ನನ್ನನ್ನು ತಂಗಿ ಅನ್ನತೊಡಗಿದರು, ಆದರೆ ಅಳಿಯನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ.

ಮೊನ್ನೆ ಅವರು ಕನ್ನಡಕದ ಸಡಿಲಾದ ಸ್ಕ್ರೂ ಬಿಗಿ ಮಾಡಿಸಿಕೊಳ್ಳಲು ಅಂಗಡಿಗೆ ಬಂದಿದ್ದರು. ಹೊರಗೆ ನಿಂತ ಅವರ ಗಾಡಿಯ ಗಾಲಿಗೆ ಕೆಮ್ಮಣ್ಣು ಮೆತ್ತಿತ್ತು. ಉಪ್ಪಿನಬೆಟಗೇರಿ ಕಡೆಯದೆಲ್ಲ ಕರಿ ಎರೆಮಣ್ಣು. ನಾನು ನೋಡಿದ್ದನ್ನು ಅವರೂ ನೋಡಿದರು.

"ಮಗಳ ಮನಿಗೆ ಹೋಗಿದ್ದೆ," ಎಂದರು, ನಾನು ಏನೂ ಕೇಳದಿದ್ದರೂ.

"ಹೌದೇನ್ರಿ," ಎಂದೆ. ಮಗಳ ಮನೆ ಹಳೇ ಹುಬ್ಬಳ್ಳಿಯಲ್ಲಿ, ಅಂಗಳದವರೆಗೂ ಕಾಂಕ್ರೀಟು ರಸ್ತೆ.

"ಭಾನುವಾರ ಬಾಂದಾರಕ್ಕ ಬರತೀಯಲ್ಲಾ ತಂಗಿ?"

"ಬರತೇನ್ರಿ ಕಾಕಾ."

ಅವರು ಹೋದ ಮೇಲೆ, ಅವರ ಚಪ್ಪಲಿಯಿಂದ ಉದುರಿದ ಕೆಮ್ಮಣ್ಣಿನ ಒಂದು ಸಣ್ಣ ಹೆಂಟೆ ಮೆಟ್ಟಿಲ ಮೇಲೆ ಉಳಿದಿತ್ತು. ಕಾಲಿನ ತುದಿಯಿಂದ ಒತ್ತಿ ನೋಡಿದೆ. ಒಳಗೆ ಇನ್ನೂ ಹಸಿ ಇತ್ತು.