ಹೇಳಿದರೆ ಮಾತ್ರ ಬರುತ್ತಿದ್ದ ಉಸಿರು

ದೆವ್ವ, ಗಾಳಿ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಹೇಳಿಹೋಗುವುದು, ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ನಮ್ಮ ಬೀದಿಯ ಹೆಂಗಸರು ಅಂಥ ಮಾತು ತೆಗೆದರೆ, "ಬಿಡ್ರಮ್ಮ, ಬೇರೆ ಕೆಲ್ಸ ಇಲ್ವಾ ನಿಮ್ಗೆ?" ಎಂದು ಎದ್ದು ಬಂದುಬಿಡುತ್ತಿದ್ದೆ. ಬಾಯಿ ಜೋರು ಎಂದು ನನಗೆ ಹೆಸರು, ಅದೇನೂ ಸುಳ್ಳಲ್ಲ. ಅಂಥವಳೇ ಈಗ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ನಮ್ಮದು ದೊಡ್ಡಬಳ್ಳಾಪುರ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಹಿಂದೆ ಮನೆ. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವಳಲ್ಲ ನಾನು. ಸಾರಿಗೆ ಉಪ್ಪು ಹೆಚ್ಚಾದರೂ ತಪ್ಪು, ಸರಿಯಾಗಿದ್ದರೂ ತಪ್ಪು. ನಾನೇನು ಕಡಿಮೆಯೇ, ಒಂದಕ್ಕೆರಡು ಸೇರಿಸಿ ಕೊಡುತ್ತಿದ್ದೆ. ಮೂರು ವರ್ಷದ ಹಿಂದೆ ಅವರಿಗೆ ಕ್ಯಾನ್ಸರ್ ಬಂದು ಬೆನ್ನುಮೂಳೆಗೆ ಇಳಿಯಿತು. ಆ ನೋವನ್ನು ನೋಡಿದ ಮೇಲೆ ಜಗಳವಾಡುವ ಮನಸ್ಸೂ ನನಗೆ ಉಳಿಯಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನೋವಿಗೆಂದು ಒಂದು ಪ್ಯಾಚ್ ಕೊಟ್ಟಿದ್ದರು. ಬಿಂದಿ ಹಾಳೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ತುಂಡು, ಮೈಗೆ ಅಂಟಿಸಿದರೆ ಚರ್ಮದ ಮೂಲಕ ಔಷಧಿ ನಿಧಾನವಾಗಿ ಒಳಗಿಳಿಯುತ್ತದೆ. ಅಫೀಮಿನ ಜಾತಿಯ ಔಷಧಿ, ಮೂರು ದಿನಕ್ಕೊಂದು ಬದಲಾಯಿಸಬೇಕು. ಮನೆಯಲ್ಲಿ ಅದನ್ನು 'ಸ್ಟಿಕರ್' ಎನ್ನುತ್ತಿದ್ದೆವು. ಕೈ ಮೇಲೆ ಹಾಕಿದರೆ ಅತ್ತೆ ಕಿತ್ತುಬಿಡುತ್ತಿದ್ದರು. ಅದಕ್ಕೇ ನಾನು ಬೆನ್ನಿಗೆ ಅಂಟಿಸಿದ್ದೆ.

ಅವತ್ತು ನನ್ನ ಗಂಡ ಸೀರೆ ಗಂಟು ತೆಗೆದುಕೊಂಡು ಬೆಂಗಳೂರಿಗೆ ಹೋಗಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆ ನರಳಲು ಶುರು ಮಾಡಿದರು.

"ಬೆನ್ನೊಳಗೆ ಕೊರೀತೈತೆ ಕಣೆ. ಶಾಖ ಕೊಡೆ ವಸಿ."

ನಮ್ಮ ಮನೆಯಲ್ಲಿ ಎಲ್ಲ ನೋವಿಗೂ ಉಪ್ಪಿನ ಶಾಖವೇ ಮದ್ದು. ನನ್ನ ಎರಡು ಬಾಣಂತನದಲ್ಲೂ ಅತ್ತೆಯೇ ಬೈಯುತ್ತ ಬೈಯುತ್ತ ಶಾಖ ಕೊಟ್ಟವರು. ಬಾಣಲಿಯಲ್ಲಿ ಕಲ್ಲುಪ್ಪು ಹುರಿದು, ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಬೆನ್ನಿಗೆ ಒತ್ತಿ ಹಿಡಿದೆ. ಸ್ಟಿಕರ್ ಅಲ್ಲೇ ಇತ್ತು. ಬಿಸಿ ಮುಟ್ಟಿದರೆ ಔಷಧಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದುಕೊಂಡು ಅದರ ಮೇಲೆಯೇ ಒತ್ತಿದೆ. ಎಂಥ ಬುದ್ಧಿವಂತೆ ನೋಡಿ! ಆರಿದಾಗಲೆಲ್ಲ ಮತ್ತೆ ಹುರಿದು ತಂದೆ. ಹೀಗೆ ಒಂದು ಗಂಟೆಯ ಮೇಲಾಯಿತು.

ನರಳಾಟ ನಿಂತಿತು. ಅತ್ತೆ ಮೂಗು ಕೆರೆದುಕೊಳ್ಳುತ್ತ ನಗತೊಡಗಿದರು. ಮಾತು ಎಳೆದೆಳೆದು ಬರುತ್ತಿತ್ತು.

"ನೀನು ಬಂದ್ಮೇಲೇ ಕಣವ್ವ ಈ ಮನೆ ಮನೆ ಆಗಿದ್ದು. ಒಳ್ಳೇವ್ಳು ನೀನು."

ನಾನು ಉಪ್ಪಿನ ಗಂಟು ಹಿಡಿದುಕೊಂಡೇ ದಂಗಾಗಿ ಕೂತೆ. ಹತ್ತೊಂಬತ್ತು ವರ್ಷ! ಅಳು ಬಂದುಬಿಟ್ಟಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅದು ಅತ್ತೆಯ ಮಾತಲ್ಲ, ಅವರ ಮಿದುಳಿಗೆ ಏರುತ್ತಿದ್ದ ಔಷಧಿಯ ಮಾತು ಎಂದು ನನಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದರು. ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತಲ್ಲ ಎಂದು ಕೈಮುಗಿದು, ಹೋಗಿ ಮಗ್ಗ ಹಾಕಿದೆ.

ಅರ್ಧ ಗಂಟೆಯಾಗಿರಬೇಕು, ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಒಳಗಿನಿಂದ ಒಂದು ಗೊರಕೆ ಕೇಳಿಸಿತು, ಗಂಟಲಲ್ಲಿ ನೀರು ಗುಳುಗುಳು ಅಂದ ಹಾಗೆ. ಆಮೇಲೆ ಏನೂ ಇಲ್ಲ. ಕಾದೆ. ಇಲ್ಲ. ಎದ್ದು ಓಡಿದೆ.

ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಕರಿಬೊಟ್ಟು ಸೂಜಿಮೊನೆಯಷ್ಟಾಗಿತ್ತು. ಭುಜ ಹಿಡಿದು ಅಲ್ಲಾಡಿಸಿ ಕಿರುಚಿದೆ.

"ಅತ್ತೇ! ಉಸಿರು ಎಳ್ಕೊಳ್ಳಿ!"

ಎಳೆದುಕೊಂಡರು. ಒಂದೇ ಒಂದು ಉಸಿರು. ಎದೆ ಮತ್ತೆ ನಿಂತುಹೋಯಿತು. ಇನ್ನೊಂದು ಸಲ ಹೇಳಿದೆ, ಇನ್ನೊಂದು ಸಲ ಎಳೆದುಕೊಂಡರು. ನಾನು ಸುಮ್ಮನಾದರೆ ಅವರೂ ಸುಮ್ಮನೆ. ಜನ್ಮದಲ್ಲಿ ನನ್ನ ಒಂದು ಮಾತು ಕೇಳದ ಹೆಂಗಸು, ಈಗ ನಾನು ಹೇಳಿದರೆ ಮಾತ್ರ ಉಸಿರಾಡುತ್ತಿದ್ದರು.

ಆಂಬುಲೆನ್ಸ್ ಬರಲು ಅರ್ಧ ಗಂಟೆಯಾಗುತ್ತದೆ ಎಂದರು. ಎದುರುಮನೆಯ ಆಟೋ ಬಾಷಾನನ್ನು ಕೂಗಿ ಕರೆದೆ. ಊಟಕ್ಕೆ ಕೂತಿದ್ದವನು ಎಂಜಲು ಕೈಯಲ್ಲೇ ಓಡಿಬಂದು ಅತ್ತೆಯನ್ನು ಎತ್ತಿ ಆಟೋಗೆ ಹಾಕಿದ. ತಲೆ ನನ್ನ ತೊಡೆಯ ಮೇಲೆ. "ಎಳ್ಕೊಳ್ಳಿ... ಬಿಡಿ. ಎಳ್ಕೊಳ್ಳಿ... ಬಿಡಿ." ದಾರಿಯುದ್ದಕ್ಕೂ ಇದೊಂದೇ ಮಾತು. ನೀರು ಕುಡಿಯುವಷ್ಟೂ ಪುರಸೊತ್ತಿಲ್ಲ, ಗಂಟಲು ಒಣಗಿ ದನಿ ಒಡೆಯಿತು. ನಾನು ಕೊಟ್ಟ ಶಾಖದಿಂದಲೇ ಹೀಗಾಯಿತೋ ಏನೋ, ಇವರಿಗೇನಾದರೂ ಆದರೆ ಸೊಸೆಯೇ ಕೊಂದಳು ಅನ್ನುತ್ತಾರೆ, ಅಂದರೆ ಅದು ನಿಜವೂ ಆಗುತ್ತದೆ, ಎಂಬುದು ಒಳಗೊಳಗೇ ಕುದಿಯುತ್ತಿತ್ತು.

ರೈಲ್ವೆ ಗೇಟ್ ಹಾಕಿತ್ತು.

"ಅಕ್ಕಾ, ನೀವು ನಿಲ್ಲಿಸ್ಬೇಡಿ, ಹೇಳ್ತಾನೇ ಇರಿ, ಬಂದೆ," ಎಂದು ಬಾಷಾ ಗೇಟಿನವನ ಹತ್ತಿರ ಓಡಿದ. ಅಷ್ಟರಲ್ಲಿ ಗೂಡ್ಸ್ ರೈಲು ಬಂದೇಬಿಟ್ಟಿತು. ನೆಲವೆಲ್ಲ ಅದುರುವ ಸದ್ದು.

ಇಲ್ಲಿ ನಡೆದದ್ದನ್ನು ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ. ಅತ್ತೆಯ ಮುಖ ನೋಡಿದೆ. ತಿಂಗಳುಗಟ್ಟಲೆ ನೋವಿನಿಂದ ಕಿವುಚಿಹೋಗಿದ್ದ ಮುಖ ನೆಮ್ಮದಿಯಾಗಿತ್ತು, ಹಣೆಯಲ್ಲಿ ಒಂದು ಗೆರೆಯಿಲ್ಲ. ನನ್ನ ಬಾಯಿ ನಿಂತುಹೋಯಿತು. 'ಸಾಕು' ಅಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ, ಮನಸ್ಸಿನಲ್ಲಿ. ಅವರ ನೋವು ಸಾಕು ಎಂದೋ, ನನಗೆ ಈ ಹೆಂಗಸು ಸಾಕು ಎಂದೋ, ಕೇಳಬೇಡಿ. ಎಷ್ಟು ಡಬ್ಬಿಗಳು ದಾಟಿದವೋ ತಿಳಿಯದು. ಎದೆ ಅಲ್ಲಾಡಲಿಲ್ಲ. ಆಮೇಲೆ ಏನಾಯಿತೋ, ಅವರ ಕೆನ್ನೆಗೆ ಪಟಾರನೆ ಹೊಡೆದೆ.

"ಎಳ್ಕೊಳ್ಳೇ! ಏಯ್, ಎಳ್ಕೊಳ್ಳೇ!"

ಅತ್ತೆಯನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ದೊಡ್ಡದಾಗಿ ಒಂದು ಉಸಿರು ಬಂತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ಕಣ್ಣಿಗೆ ಟಾರ್ಚ್ ಬಿಟ್ಟವರೇ, "ನೋವಿನ ಪ್ಯಾಚ್ ಏನಾದ್ರೂ ಹಾಕಿದೀರಾ?" ಎಂದು ಕೇಳಿದರು. ಬೆನ್ನು ತೋರಿಸಿದೆ. ಅದನ್ನು ಕಿತ್ತೆಸೆದು, ಮೂಗಿಗೆ ಆಕ್ಸಿಜನ್ ಹಿಡಿದು, ಇಂಜೆಕ್ಷನ್ ಕೊಟ್ಟರು. ಎರಡೇ ನಿಮಿಷದಲ್ಲಿ ಅತ್ತೆ ಕಣ್ಣು ಬಿಟ್ಟರು. ಬಿಟ್ಟವರೇ ನೋವಿಗೆ ಚೀರಿದರು. ಆ ಇಂಜೆಕ್ಷನ್ ವಿಷದ ಜೊತೆಗೆ ನೋವಿನ ಔಷಧಿಯ ಗುಣವನ್ನೂ ಇಳಿಸಿಬಿಡುತ್ತದಂತೆ.

ಬಿಸಿ ತಾಗಿದರೆ ಪ್ಯಾಚಿನ ಔಷಧಿ ಒಂದೇ ಸಲ ಒಳಗೆ ನುಗ್ಗುತ್ತದೆ ಎಂದು ಅವರು ಆಮೇಲೆ ತಿಳಿಸಿ ಹೇಳಿದರು. ಉಸಿರಾಡು ಎಂದು ತಾನಾಗಿ ಆಜ್ಞೆ ಕೊಡುವ ಮಿದುಳಿನ ಜಾಗ ಮಂಕಾಗಿ, ಉಸಿರಾಡುವುದೇ ಮರೆತುಹೋಗುತ್ತದೆ. ಯಾರಾದರೂ ಎಚ್ಚರಿಸಿ ಹೇಳಿದರೆ ಎಷ್ಟೋ ಸಲ ಎಳೆದುಕೊಳ್ಳುತ್ತಾರೆ. "ನೀವು ಹೇಳ್ತಾ ಬಂದಿದ್ದಕ್ಕೇ ಉಳಿದ್ರು," ಎಂದು ನನ್ನ ಬೆನ್ನು ತಟ್ಟಿದರು. ತಲೆ ತಗ್ಗಿಸಿದೆ. ಪ್ಯಾಚಿನ ಜೊತೆಗಿದ್ದ ಚೀಟಿಯಲ್ಲಿ ಬಿಸಿ ತಾಗಿಸಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತಂತೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ, ಮನೆಯಲ್ಲಿ, ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ನೋವಿನ ನಡುವೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಗೇಟ್ ತಾವ ಸಾಕು ಅಂದ್ಯಲ್ಲ?"

"ನಾನಾ? ಇಲ್ಲ ಅತ್ತೆ."

"ಅಂದೆ. ಕೇಳಿಸ್ತು. ಹಾಯಾಗಿತ್ತು ಕಣೆ ನಂಗೆ. ಸಾಕು ಅಂದ್ಮೇಲೆ ಮತ್ತ್ಯಾಕೆ ಕರೆದೆ?"

ಗೇಟಿನ ವಿಷಯ ಬಿಡಿಸಿ ಹೇಳದೆ, ಅಂಥ ಹೊತ್ತಿನ ಮಾತು ನೆನಪಿರುತ್ತದೆಯೇ ಎಂದಷ್ಟೇ ಡಾಕ್ಟರಮ್ಮನನ್ನು ಕೇಳಿದೆ. ಆ ಸ್ಥಿತಿಯಲ್ಲಿ ನಡೆದದ್ದು ನೆನಪಿನಲ್ಲಿ ಉಳಿಯುವುದೇ ಬಹಳ ಕಷ್ಟ ಎಂದರು. ಬಾಷಾನನ್ನು ಕೇಳಿದೆ. "ನಾನಿದ್ದಷ್ಟು ಹೊತ್ತು ನೀವು ಎಳ್ಕೊಳ್ಳಿ ಅನ್ನೋದ್ಬಿಟ್ಟು ಇನ್ನೇನೂ ಅನ್ಲಿಲ್ಲ ಅಕ್ಕ, ಆ ರೈಲಿನ ಸದ್ದಲ್ಲಿ ಅಂದಿದ್ರೂ ಯಾರ್ಗೆ ಕೇಳಿಸ್ತದೆ?" ಎಂದ. ನಾನು ಅಂದಿಲ್ಲ, ಅದು ನನಗೆ ಖಚಿತ. ಅವರಿಗೆ ಕೇಳಿಸಿದೆ, ಅದೂ ಖಚಿತ. ಎರಡನ್ನೂ ಜೋಡಿಸುವುದು ಹೇಗೆ ಎಂದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಅತ್ತೆ ಆಮೇಲೆ ಐದು ತಿಂಗಳು ಇದ್ದರು. ಸುಖದಿಂದ ಅಲ್ಲ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಆದರೆ ಸ್ಟಿಕರ್ ಬದಲಾಯಿಸುವಾಗಲೆಲ್ಲ ಕತ್ತು ತಿರುಗಿಸಿ ನನ್ನನ್ನು ನೋಡುತ್ತಿದ್ದರು. ನಾನು ಸ್ಟಿಕರಿನ ಅಂಚನ್ನೇ ಒತ್ತುತ್ತಿದ್ದೆ.

ಕೊನೆಯ ದಿನ ಎಲ್ಲರೂ ಸುತ್ತ ಕೂತಿದ್ದೆವು. ಅವರ ಉಸಿರು ದೂರ ದೂರವಾಗುತ್ತಿತ್ತು. ಎಳ್ಕೊಳ್ಳಿ ಎಂದು ನಾನು ಹೇಳಲಿಲ್ಲ. ಸಾಕು ಎಂದೂ ಅಂದುಕೊಳ್ಳದ ಹಾಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ, ಎಲ್ಲಿ ಕೇಳಿಸಿಬಿಡುತ್ತದೋ ಎಂದು.